ಹೊಸ ನಾಡಿನಲ್ಲಿ ಹಳೆಯ ಲೈಸೆನ್ಸು

ಮೈಸೂರು ನಗರದಲ್ಲಿ ಅರಸರ ಹೆಸರನ್ನು ಹೊತ್ತ ವೃತ್ತಗಳು ಹಲವಿವೆ. ಅವುಗಳ ನಡುವೆ ಒಂದು ಸರ್ಕಾರಿ ಕಚೇರಿಯ ಹೆಸರಿನಿಂದ ಪ್ರಸಿದ್ಧವಾದ ವೃತ್ತವೂ ಒಂದುಂಟು, ಅದೇ ಆರ್.ಟಿ.ಒ. ವೃತ್ತ. ಹದಿನೆಂಟು ತುಂಬಿದ ಮಕ್ಕಳಿರುವ ಮನೆಯವರೆಲ್ಲರಿಗೂ ಒಂದಲ್ಲ ಒಂದು ದಿನ ಪ್ರಾದೇಶಿಕ ಸಾರಿಗೆ ಕಚೇರಿಯ ಮೆಟ್ಟಿಲನ್ನು ಏರುವ ಯೋಗ ತಪ್ಪಿದ್ದಲ್ಲ. ಮೊದಲು ಕಲಿಕೆಯ ಲೈಸೆನ್ಸು. ಅದು ದೊರೆತು ಮೂವತ್ತು ದಿನಗಳು ಕಳೆದ ಮೇಲೆ ಚಾಲನೆಯ ಪರೀಕ್ಷೆ. ಜನರ ಬಾಯಲ್ಲಿ ‘ಬ್ರೇಕ್ ಇನ್‌ಸ್ಪೆಕ್ಟರ್’ ಎಂದೇ ಹೆಸರಾದ ಮೋಟಾರು ವಾಹನ ನಿರೀಕ್ಷಕರು ನೋಡುತ್ತಿರುವಂತೆ, ಕಾಲನ್ನು ನೆಲಕ್ಕೆ ಊರದೆ ಸ್ಕೂಟರನ್ನು ಎಂಟರ ಆಕಾರದಲ್ಲಿ ಸುತ್ತಿಸಿ ತೋರಿಸಿದವನಿಗೆ ಆ ದಿನ ಮನೆಯಲ್ಲಿ ಒಂದು ಬಗೆಯ ಪಟ್ಟಾಭಿಷೇಕವೇ ಸರಿ. ಕೆಎ-೦೯ ಎಂದೋ ಕೆಎ-೫೫ ಎಂದೋ ಆರಂಭವಾಗುವ ಸಂಖ್ಯೆಯ ಆ ಕಾರ್ಡು ಅವನ ಕಿಸೆಯನ್ನು ಸೇರುತ್ತದೆ.

ಕಳೆದ ಕೆಲವು ದಶಕಗಳಿಂದ ಈ ಕಚೇರಿಗೆ ಬರುವವರಲ್ಲಿ ಮತ್ತೊಂದು ವರ್ಗವೂ ಸೇರಿಕೊಂಡಿದೆ. ಇವರ ಬಳಿ ಲೈಸೆನ್ಸು ಆಗಲೇ ಇದೆ. ಜೊತೆಗೆ ಪಾಸ್‌ಪೋರ್ಟು, ವೀಸಾ, ವಿಮಾನದ ಟಿಕೆಟ್ಟಿನ ಪ್ರತಿ. ಎಂಜಿನಿಯರಿಂಗ್ ಓದಿ ಕೆಲಸಕ್ಕೆ ಹೊರಟ ತರುಣ, ಉನ್ನತ ವ್ಯಾಸಂಗಕ್ಕೆ ಹೊರಟ ತರುಣಿ, ಗಂಡನೊಡನೆ ಸಂಸಾರ ಹೂಡಲು ಹೊರಟ ನವವಧು, ಇವರೆಲ್ಲರೂ ಬಯಸುವುದು ಅಂತರರಾಷ್ಟ್ರೀಯ ಚಾಲನಾ ರಹದಾರಿ ಎಂಬ ಪುಸ್ತಿಕೆಯನ್ನು. ‘ನಾಲ್ಕು-ಎ’ ನಮೂನೆಯ ಅರ್ಜಿಯನ್ನು ತುಂಬಿ, ಶುಲ್ಕವನ್ನು ಕಟ್ಟಿ ಅದನ್ನು ಪಡೆದವರು, ಇನ್ನು ಯಾವ ದೇಶದಲ್ಲಾದರೂ ನಿಶ್ಚಿಂತೆಯಿಂದ ಕಾರು ಓಡಿಸಬಹುದೆಂದು ಭಾವಿಸುವುದುಂಟು. ಅಲ್ಲಿಂದಲೇ ತೊಡಕು ಪ್ರಾರಂಭವಾಗುತ್ತದೆ.

ಅತಿಥಿಯ ಪತ್ರ

ಈ ಪುಸ್ತಿಕೆಯ ಹಿಂದೆ ಒಂದು ಒಪ್ಪಂದವಿದೆ. ೧೯೪೯ರಲ್ಲಿ ಜಿನೀವಾ ನಗರದಲ್ಲಿ ರೂಪುಗೊಂಡ ರಸ್ತೆ ಸಂಚಾರದ ಒಡಂಬಡಿಕೆಗೆ ಸೇರಿದ ರಾಷ್ಟ್ರಗಳು, ಒಂದರ ಚಾಲಕರನ್ನು ಮತ್ತೊಂದು ತನ್ನ ರಸ್ತೆಗಳಲ್ಲಿ ತಾತ್ಕಾಲಿಕವಾಗಿ ಮನ್ನಿಸುತ್ತವೆ. ಭಾರತವೂ ಅದರಲ್ಲಿ ಸೇರಿದೆ. ಚೀನಾ ಸೇರಿಲ್ಲವಾದುದರಿಂದ ಅಲ್ಲಿ ಈ ಪುಸ್ತಿಕೆ ನಡೆಯದು. ಇದರ ಆಯುಸ್ಸು ಒಂದು ವರ್ಷ. ಇದು ಸ್ವತಂತ್ರವಾದ ಲೈಸೆನ್ಸಲ್ಲ. ಊರಿನ ಲೈಸೆನ್ಸಿನ ವಿವರಗಳನ್ನು ಹಲವು ಭಾಷೆಗಳಲ್ಲಿ ತಿಳಿಸುವ ಅನುವಾದವೆಂದರೆ ಹೆಚ್ಚು ಸರಿಯಾದೀತು. ಮೂಲ ಲೈಸೆನ್ಸು ಜೊತೆಯಲ್ಲಿಲ್ಲದಿದ್ದರೆ ಇದಕ್ಕೆ ಬೆಲೆಯಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಇದು ಅತಿಥಿಗೆ ಕೊಡುವ ಪತ್ರ. ನಾಲ್ಕು ದಿನ ಊರು ನೋಡಲು ಬಂದವನಿಗೂ ಅಲ್ಲಿಯೇ ನೆಲೆಸಲು ಬಂದವನಿಗೂ ಕಾನೂನು ಭೇದವನ್ನೆಣಿಸುತ್ತದೆ. ಬಂದವನು ಮನೆಯನ್ನು ಬಾಡಿಗೆಗೆ ಹಿಡಿದು, ಉದ್ಯೋಗಕ್ಕೆ ಸೇರಿ, ಆ ನಾಡಿನ ನಿವಾಸಿ ಎನಿಸಿಕೊಂಡ ಕ್ಷಣದಿಂದ ಅತಿಥಿಯ ಸಲುಗೆ ಕಳೆಯತೊಡಗುತ್ತದೆ. ಎಷ್ಟು ದಿನಗಳಲ್ಲಿ ಪೂರ್ತಿ ಕಳೆಯುತ್ತದೆಂಬುದು ಆಯಾ ದೇಶದ ಲೆಕ್ಕ.

ಬ್ರಿಟನ್ನಿನಲ್ಲಿ ಆ ಗಡುವು ಹನ್ನೆರಡು ತಿಂಗಳು. ಜರ್ಮನಿಯಲ್ಲಿ ಆರು ತಿಂಗಳು. ಕೆನಡಾದ ಒಂಟೇರಿಯೊ ಪ್ರಾಂತದಲ್ಲಿ ಅರುವತ್ತು ದಿನ. ಅಮೆರಿಕದಲ್ಲಿ ಲೈಸೆನ್ಸು ಕೇಂದ್ರ ಸರ್ಕಾರದ ವಿಷಯವೇ ಅಲ್ಲ. ಒಂದೊಂದು ಸಂಸ್ಥಾನಕ್ಕೂ ತನ್ನದೇ ಆದ ಕಟ್ಟಳೆ. ಟೆಕ್ಸಾಸಿನಲ್ಲಿ ತೊಂಬತ್ತು ದಿನಗಳ ಅವಕಾಶವಿದ್ದರೆ, ಕನ್ನಡಿಗರು ಬಹು ಸಂಖ್ಯೆಯಲ್ಲಿ ನೆಲೆಸಿರುವ ಕ್ಯಾಲಿಫೋರ್ನಿಯದಲ್ಲಿ ನಿವಾಸಿಯಾದ ಹತ್ತು ದಿನಗಳೊಳಗೇ ಅರ್ಜಿ ಹಾಕಬೇಕು. ಕೊಲ್ಲಿಯ ಸಂಯುಕ್ತ ಅರಬ್ ಸಂಸ್ಥಾನಗಳಲ್ಲಂತೂ ನಿವಾಸದ ವೀಸಾ ಕೈಗೆ ಬಂದೊಡನೆ ಊರಿನ ಲೈಸೆನ್ಸಿನ ಬಲ ಮುಗಿಯಿತು.

ಮೈಸೂರಿನಲ್ಲಿ ಹತ್ತು ವರ್ಷ ಅಪಘಾತವಿಲ್ಲದೆ ಕಾರು ಓಡಿಸಿದವನಿಗೆ ಇದು ಅಪಮಾನವೆನಿಸುವುದು ಸಹಜ. ಜರ್ಮನಿಯು ಜಪಾನಿನಂಥ ಕೆಲವು ದೇಶಗಳ ಲೈಸೆನ್ಸನ್ನು ಪರೀಕ್ಷೆಯಿಲ್ಲದೆಯೇ ಬದಲಾಯಿಸಿಕೊಡುತ್ತದೆ. ಆ ಪಟ್ಟಿಯಲ್ಲಿ ಭಾರತದ ಹೆಸರಿಲ್ಲ. ಬ್ರಿಟನ್ನಿನ ಪಟ್ಟಿಯಲ್ಲಿಯೂ ಇಲ್ಲ. ಹೀಗಾಗಿ ಮೂವತ್ತೈದು ವರ್ಷದ ಗೃಹಸ್ಥನೂ ಹದಿನೇಳು ಹದಿನೆಂಟರ ಹುಡುಗರ ಸಾಲಿನಲ್ಲಿ ನಿಂತು, ಕಲಿಯುವವರ ಫಲಕವನ್ನು ಕಾರಿಗೆ ತಗುಲಿಸಿಕೊಂಡು, ಮೊದಲಿನಿಂದ ಆರಂಭಿಸಬೇಕು.

ರಹದಾರಿಯ ಹುಟ್ಟು

ಚಾಲಕನಿಗೆ ಅಪ್ಪಣೆಯ ಚೀಟಿ ಬೇಕೆಂಬ ಕಲ್ಪನೆ ಮೋಟಾರು ಗಾಡಿಯಷ್ಟೇ ಹಳೆಯದು. ಮೋಟಾರು ಗಾಡಿಯ ಜನಕರಲ್ಲೊಬ್ಬನಾದ ಕಾರ್ಲ್ ಬೆಂಜ್, ತನ್ನ ಯಂತ್ರದ ಸದ್ದಿಗೆ ಮತ್ತು ವಾಸನೆಗೆ ಬೇಸತ್ತ ಮ್ಯಾನ್‌ಹೈಮ್ ಊರಿನವರ ದೂರನ್ನು ತಾಳಲಾರದೆ, ೧೮೮೮ರಲ್ಲಿ ಬಾಡೆನ್ ಸಂಸ್ಥಾನದ ಆಡಳಿತದಿಂದ ಲಿಖಿತ ಅನುಮತಿಯನ್ನು ಪಡೆಯಬೇಕಾಯಿತು. ಅದೇ ವರ್ಷ ಅವನ ಪತ್ನಿ ಬರ್ತಾ, ಗಂಡನಿಗೆ ತಿಳಿಸದೆ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಆ ಗಾಡಿಯಲ್ಲಿ ಸುಮಾರು ನೂರು ಕಿಲೋಮೀಟರು ದೂರದ ತವರಿಗೆ ಹೋಗಿಬಂದಳು. ಜಗತ್ತಿನ ಮೊದಲ ದೂರಪ್ರಯಾಣದ ಚಾಲಕಿಗೆ ಯಾರೂ ಪರೀಕ್ಷೆ ಮಾಡಲಿಲ್ಲ!

ಗಾಡಿಗಳು ಹೆಚ್ಚಿದಂತೆ ಪರೀಕ್ಷೆಗಳೂ ಬಂದವು. ಪ್ಯಾರಿಸ್ ನಗರದ ಪೊಲೀಸರು ೧೮೯೩ರಲ್ಲಿಯೇ ಚಾಲಕರ ಯೋಗ್ಯತೆಯನ್ನು ಪರೀಕ್ಷಿಸುವ ನಿಯಮವನ್ನು ಮಾಡಿದರು. ಬ್ರಿಟನ್ನಿನಲ್ಲಿ ಪರೀಕ್ಷೆ ಕಡ್ಡಾಯವಾದದ್ದು ೧೯೩೫ರಲ್ಲಿ. ಭಾರತದಲ್ಲಿ ೧೯೧೪ರ ಮತ್ತು ೧೯೩೯ರ ಕಾಯಿದೆಗಳ ತರುವಾಯ, ಈಗ ಜಾರಿಯಲ್ಲಿರುವ ೧೯೮೮ರ ಮೋಟಾರು ವಾಹನ ಕಾಯಿದೆಯು ೧೯೮೯ರ ಜುಲೈ ೧ರಿಂದ ನಡೆಯುತ್ತಿದೆ. ಒಂದೊಂದು ದೇಶವೂ ತನ್ನ ರಸ್ತೆಗಳಲ್ಲಿ ಸಂಭವಿಸಿದ ಸಾವುನೋವುಗಳಿಂದ ಪಾಠ ಕಲಿತು ತನ್ನ ನಿಯಮಗಳನ್ನು ಬರೆದುಕೊಂಡಿದೆ. ಹೊಸಬನನ್ನು ಮತ್ತೆ ಪರೀಕ್ಷಿಸಬೇಕೆನ್ನುವ ಹಟದ ಮೂಲ ಅಲ್ಲಿದೆ.

ಕೈ ಬಲ್ಲದು, ಕಣ್ಣು ಬಲ್ಲದೆ?

ಪರೀಕ್ಷೆಯ ಮೊದಲ ಭಾಗ ಎಲ್ಲೆಡೆಯೂ ಪ್ರಶ್ನೋತ್ತರದ್ದು. ಬ್ರಿಟನ್ನಿನಲ್ಲಿ ಐವತ್ತು ಪ್ರಶ್ನೆಗಳು. ನಲವತ್ತಮೂರಕ್ಕೆ ಸರಿಯುತ್ತರ ಕೊಟ್ಟರೆ ತೇರ್ಗಡೆ. ಅದರ ಬೆನ್ನಿಗೇ ರಸ್ತೆಯ ಚಲನಚಿತ್ರಗಳನ್ನು ತೋರಿಸಿ, ಅಪಾಯ ಮೂಡುವುದನ್ನು ಅಭ್ಯರ್ಥಿ ಎಷ್ಟು ಬೇಗ ಗುರುತಿಸುತ್ತಾನೆಂಬುದನ್ನು ಅಳೆಯುತ್ತಾರೆ. ಜರ್ಮನಿಯಲ್ಲಿ ಮೂವತ್ತು ಪ್ರಶ್ನೆಗಳು. ಪರೀಕ್ಷೆಗಳನ್ನು ಪಾಸು ಮಾಡುವ ಕಲೆಯಲ್ಲಿ ಮೈಸೂರಿನ ವಿದ್ಯಾವಂತ ಮನೆತನಗಳಿಗೆ ಹೇಳಿಕೊಡಬೇಕಾದುದೇನೂ ಇಲ್ಲ. ಕೈಪಿಡಿಯನ್ನು ಉರುಹೊಡೆದು ನಮ್ಮವರು ಈ ಹಂತವನ್ನು ಸುಲಭವಾಗಿ ದಾಟುತ್ತಾರೆ.

ಎಡವುವುದು ರಸ್ತೆಯ ಮೇಲೆ. ಗಿಯರು ಹಾಕುವುದು, ಇಕ್ಕಟ್ಟಿನಲ್ಲಿ ತಿರುಗಿಸುವುದು, ಹಠಾತ್ತನೆ ಬ್ರೇಕು ಹಾಕುವುದು, ಇವುಗಳಲ್ಲಿ ದೇವರಾಜ ಮಾರುಕಟ್ಟೆಯ ಸುತ್ತಮುತ್ತ ಹಬ್ಬದ ಮುನ್ನಾದಿನ ಕಾರು ಓಡಿಸಿದವನನ್ನು ಮೀರಿಸುವವರು ವಿರಳ. ಆದರೆ ಅಲ್ಲಿಯ ಪರೀಕ್ಷಕ ನೋಡುತ್ತಿರುವುದು ಆ ಕೈಚಳಕವನ್ನಲ್ಲ. ಪಥವನ್ನು ಬದಲಿಸುವ ಮುನ್ನ ಅಭ್ಯರ್ಥಿ ಕನ್ನಡಿಯನ್ನು ನೋಡಿದನೆ? ಕನ್ನಡಿಗೆ ಕಾಣದ ಮೂಲೆಯನ್ನು ಹೆಗಲಿನ ಮೇಲಿಂದ ತಿರುಗಿ ನೋಡಿದನೆ? ದೀಪದ ಸನ್ನೆಯನ್ನು ಸಕಾಲದಲ್ಲಿ ಕೊಟ್ಟನೆ? ಬ್ರಿಟನ್ನಿನಲ್ಲಿ ಸುಮಾರು ನಲವತ್ತು ನಿಮಿಷಗಳ ಈ ಪರೀಕ್ಷೆಯಲ್ಲಿ ಸಣ್ಣ ತಪ್ಪುಗಳು ಹದಿನೈದರವರೆಗೆ ಕ್ಷಮ್ಯ. ಗಂಭೀರವಾದ ತಪ್ಪು ಒಂದೇ ಒಂದಾದರೂ ಅನುತ್ತೀರ್ಣ.

ಅಮೆರಿಕದ ‘ನಿಲ್ಲು’ ಫಲಕ ಇದಕ್ಕೆ ಒಳ್ಳೆಯ ನಿದರ್ಶನ. ನಾಲ್ಕು ದಿಕ್ಕಿಗೂ ಈ ಫಲಕವಿರುವ ಕೂಡುರಸ್ತೆಗಳಲ್ಲಿ ಪ್ರತಿಯೊಂದು ಕಾರೂ ಚಕ್ರ ಸ್ತಬ್ಧವಾಗುವಂತೆ ನಿಲ್ಲಬೇಕು. ಮೊದಲು ಬಂದವನು ಮೊದಲು ಹೋಗಬೇಕು. ನಡುರಾತ್ರಿಯಲ್ಲಿ ಸುತ್ತ ನರಪಿಳ್ಳೆಯೂ ಇಲ್ಲದಿದ್ದರೂ ನಿಲ್ಲುವುದು ತಪ್ಪದು. ಸರಸ್ವತಿಪುರದ ಅಡ್ಡರಸ್ತೆಗಳಲ್ಲಿ ಹಾರನ್ನು ಬಾರಿಸಿ, ವೇಗವನ್ನು ತುಸು ತಗ್ಗಿಸಿ ನುಸುಳುವುದನ್ನು ರೂಢಿಸಿಕೊಂಡವನ ಕಾಲು ಅಲ್ಲಿಯೂ ಬ್ರೇಕನ್ನು ಅರ್ಧಕ್ಕಷ್ಟೇ ಒತ್ತುತ್ತದೆ. ಕಾರು ನಿಂತಂತೆಯೇ ಅವನಿಗೆ ತೋರುತ್ತದೆ. ನಿಲ್ಲಲಿಲ್ಲವೆಂದು ಪರೀಕ್ಷಕ ಬರೆದುಕೊಳ್ಳುತ್ತಾನೆ. ಮಕ್ಕಳನ್ನು ಇಳಿಸಲು ಶಾಲೆಯ ಬಸ್ಸು ಕೆಂಪು ದೀಪಗಳನ್ನು ಮಿನುಗಿಸುತ್ತ ನಿಂತಿತೆಂದರೆ ಹಿಂದಿನ ವಾಹನಗಳೆಲ್ಲ ನಿಲ್ಲಬೇಕು. ನಡುವೆ ವಿಭಜಕವಿಲ್ಲದ ಸಾಮಾನ್ಯ ರಸ್ತೆಯಾದರೆ ಎದುರಿನಿಂದ ಬರುವವೂ ನಿಲ್ಲಬೇಕು.

ಜರ್ಮನಿಯಲ್ಲಿ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ಮೊದಲ ಹಕ್ಕು. ಸಣ್ಣ ಓಣಿಯಿಂದ ಸೈಕಲ್ಲೊಂದು ಬಲಕ್ಕೆ ಕಾಣಿಸಿದರೂ ದೊಡ್ಡ ಕಾರು ಕಾಯಬೇಕು. ಇಲ್ಲಿ ಗಮನಿಸಬೇಕಾದುದೊಂದಿದೆ. ಕಾವಲಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯವನಿಗೆ ದಾರಿ ಬಿಡಬೇಕೆಂಬ ನಿಯಮ ಭಾರತದ ಸಂಚಾರ ನಿಯಮಗಳಲ್ಲಿಯೂ ಉಂಟು. ಕಲಿಕೆಯ ಲೈಸೆನ್ಸಿಗಾಗಿ ಅದನ್ನು ಓದಿದವರೂ ಬಹಳ. ಬೀದಿಗಿಳಿದ ಮೇಲೆ ಅದನ್ನು ಆಚರಿಸಿದವರು ಕಡಮೆ. ಪರದೇಶದ ಪರೀಕ್ಷಕನ ಮುಂದೆ ಸೋಲುವುದು ಈ ಓದಿಗೂ ಆಚರಣೆಗೂ ನಡುವೆ ಬೆಳೆದ ಅಂತರ.

ಎಡಬಲಗಳ ಪ್ರಶ್ನೆ ಬೇರೆ. ಬ್ರಿಟನ್, ಆಸ್ಟ್ರೇಲಿಯ, ಸಿಂಗಪುರಗಳಲ್ಲಿ ಭಾರತದಂತೆಯೇ ಎಡಬದಿಯ ಸಂಚಾರ. ಅಮೆರಿಕ, ಕೆನಡಾ, ಜರ್ಮನಿ, ಕೊಲ್ಲಿ ದೇಶಗಳಲ್ಲಿ ಬಲಬದಿ. ಸ್ವೀಡನ್ ದೇಶವು ೧೯೬೭ರ ಸೆಪ್ಟೆಂಬರ್ ೩ರಂದು ಬೆಳಗಿನ ಜಾವ ಒಮ್ಮೆಗೇ ಎಡದಿಂದ ಬಲಕ್ಕೆ ಬದಲಾಯಿತು. ಇಡೀ ನಾಡೇ ಅದಕ್ಕಾಗಿ ಬಹುಕಾಲ ಸಿದ್ಧತೆ ನಡೆಸಿತ್ತು. ಹೊಸದಾಗಿ ಹೋದ ಕನ್ನಡಿಗನಾದರೋ ವಿಮಾನದಿಂದಿಳಿದ ಮರುದಿನವೇ ಒಬ್ಬನೇ ಈ ಪಲ್ಲಟವನ್ನು ಸಾಧಿಸಬೇಕು. ದಾರಿಯಲ್ಲಿ ಇತರ ವಾಹನಗಳಿದ್ದಾಗ ಅವುಗಳನ್ನು ಅನುಸರಿಸಿ ಹೋಗಬಹುದು. ಖಾಲಿ ರಸ್ತೆಗೆ ತಿರುಗುವಾಗಲೇ ಹಳೆಯ ಅಭ್ಯಾಸ ಎಡಕ್ಕೆ ಎಳೆಯುವುದು. ಆದಕಾರಣ ಅಪಾಯ ಹೆಚ್ಚಾಗಿರುವುದು ಬರಿದಾದ ಬೀದಿಯಲ್ಲಿ.

ಲೈಸೆನ್ಸಿಲ್ಲದ ಮನೆ

ಇಷ್ಟೆಲ್ಲ ತೊಂದರೆಯೇಕೆ, ಬಸ್ಸಿನಲ್ಲಿ ಓಡಾಡಬಾರದೆ ಎಂದು ಊರಿನಲ್ಲಿರುವ ಹಿರಿಯರು ಕೇಳಬಹುದು. ಲಂಡನ್, ಬರ್ಲಿನ್, ಸಿಂಗಪುರಗಳಲ್ಲಿ ಆ ಮಾತು ಒಪ್ಪತಕ್ಕದ್ದೇ. ಆದರೆ ಅಮೆರಿಕದ ಬಹುಪಾಲು ಬಡಾವಣೆಗಳಲ್ಲಿ ಬಸ್ಸು ಅಪರೂಪ. ತರಕಾರಿಯ ಅಂಗಡಿ, ಮಕ್ಕಳ ಶಾಲೆ, ವೈದ್ಯರ ಚಿಕಿತ್ಸಾಲಯ ಎಲ್ಲವೂ ಮೈಲಿಗಳ ದೂರ. ಹಲವೆಡೆ ಕಾಲುದಾರಿಯೂ ಇಲ್ಲ. ಅಲ್ಲಿ ಲೈಸೆನ್ಸೆಂದರೆ ಕಾಲು ಬಂದಂತೆ.

ಇದರ ಭಾರ ಹೆಚ್ಚಾಗಿ ಬೀಳುವುದು ಗೃಹಿಣಿಯರ ಮೇಲೆ. ಒಂಟಿಕೊಪ್ಪಲಿನಲ್ಲೋ ಕುವೆಂಪುನಗರದಲ್ಲೋ ಸ್ಕೂಟರಿನಲ್ಲಿ ಕಾಲೇಜಿಗೆ, ಸಂಗೀತದ ಪಾಠಕ್ಕೆ, ಕೆಲಸಕ್ಕೆ ಸ್ವತಂತ್ರವಾಗಿ ಓಡಾಡಿಕೊಂಡಿದ್ದ ಹೆಣ್ಣುಮಗಳು ಮದುವೆಯಾಗಿ ಅಲ್ಲಿಗೆ ಹೋದಳೆನ್ನಿ. ಗಂಡ ಬೆಳಗ್ಗೆ ಕಾರನ್ನು ತೆಗೆದುಕೊಂಡು ಹೋದರೆ ಸಂಜೆಯವರೆಗೂ ಆಕೆ ನಾಲ್ಕು ಗೋಡೆಗಳ ನಡುವೆ. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಶನಿವಾರದವರೆಗೆ ಕಾಯಬೇಕು. ಅವಲಂಬಿತಳೆಂಬ ವೀಸಾದ ಮೇಲೆ ಹೋದವರಿಗೆ ಉದ್ಯೋಗಕ್ಕೂ ಅಡ್ಡಿ. ಅಂಥವರಲ್ಲಿ ಕೆಲವರಿಗೆ ಕೆಲಸ ಮಾಡುವ ಅನುಮತಿ ದೊರೆತದ್ದೇ ೨೦೧೫ರಲ್ಲಿ. ಅಂಥ ಮನೆಯಲ್ಲಿ ಆಕೆಗೆ ಲೈಸೆನ್ಸು ಬಂದ ದಿನ ಗಂಡಹೆಂಡಿರ ಸಂಬಂಧವೂ ತುಸು ಹಗುರವಾಗುತ್ತದೆ. ಕರೆದುಕೊಂಡು ಹೋಗೆಂದು ಕೇಳುವ ಸಂಕೋಚ ಇವಳಿಗಿಲ್ಲ. ಬೇಸರವನ್ನು ಮರೆಮಾಚುವ ಕಷ್ಟ ಅವನಿಗಿಲ್ಲ. ಮೊಮ್ಮಗುವನ್ನು ನೋಡಿಕೊಳ್ಳಲು ಆರು ತಿಂಗಳಿಗೆಂದು ಬಂದ ಅಜ್ಜಿ ತಾತಂದಿರಿಗೂ ಆಗ ದೇವಸ್ಥಾನದ ದರ್ಶನ ವಾರದ ನಡುವೆಯೂ ಲಭಿಸುತ್ತದೆ.

ಲೈಸೆನ್ಸು ಬಂದ ಮಾತ್ರಕ್ಕೆ ಚಿಂತೆ ಮುಗಿಯಿತೆಂದಲ್ಲ. ತಾತ್ಕಾಲಿಕ ವೀಸಾದ ಮೇಲಿರುವವರ ಲೈಸೆನ್ಸಿನ ಅವಧಿಯನ್ನು ಅಮೆರಿಕದಲ್ಲಿ ಸಾಮಾನ್ಯವಾಗಿ ವಾಸದ ಅನುಮತಿಯ ಅವಧಿಗೇ ಕಟ್ಟಿಹಾಕಿರುತ್ತಾರೆ. ವೀಸಾದ ವಿಸ್ತರಣೆ ತಡವಾದರೆ ಕಾರಿನ ಬೀಗದ ಕೈ ಗೂಟಕ್ಕೆ ಸೇರುವ ಭಯ. ವಿಮೆಯ ಕಂಪನಿಗಳು ಊರಿನ ಅನುಭವವನ್ನು ಬಹುಮಟ್ಟಿಗೆ ಲೆಕ್ಕಕ್ಕೆ ಹಿಡಿಯುವುದಿಲ್ಲವಾದುದರಿಂದ, ತಲೆ ನರೆತ ಚಾಲಕನೂ ಹೊಸ ಹುಡುಗನಂತೆ ಹೆಚ್ಚಿನ ಕಂತನ್ನು ತೆರಬೇಕಾಗುತ್ತದೆ.

ಮೈಸೂರಿಗೆ ಬಂದವರು

ಈ ಕಥೆಗೆ ಮತ್ತೊಂದು ಮುಖವೂ ಇದೆ. ಅದನ್ನು ಕಾಣಲು ಕಡಲು ದಾಟಬೇಕಾಗಿಲ್ಲ. ಯೋಗಾಚಾರ್ಯ ಕೆ. ಪಟ್ಟಾಭಿ ಜೋಯಿಸರ ಕೀರ್ತಿಯಿಂದ ಆಕರ್ಷಿತರಾಗಿ ದೇಶ ದೇಶಗಳ ವಿದ್ಯಾರ್ಥಿಗಳು ಮೈಸೂರಿಗೆ ಬರತೊಡಗಿ ದಶಕಗಳಾದವು. ಲಕ್ಷ್ಮೀಪುರದಲ್ಲಿದ್ದ ಅವರ ಯೋಗಶಾಲೆ ೨೦೦೨ರಲ್ಲಿ ಗೋಕುಲಂ ಬಡಾವಣೆಗೆ ಬಂದ ಮೇಲೆ, ನಸುಕಿನಲ್ಲಿಯೇ ಬಾಡಿಗೆಯ ಸ್ಕೂಟರುಗಳನ್ನೇರಿ ಅಭ್ಯಾಸಕ್ಕೆ ಹೋಗುವ ಪರದೇಶೀಯರು ಅಲ್ಲಿಯ ಬೀದಿಗಳ ನಿತ್ಯದೃಶ್ಯವಾದರು. ೨೦೦೯ರಲ್ಲಿ ಜೋಯಿಸರು ಕಾಲವಾದ ಬಳಿಕವೂ ಈ ಪ್ರವಾಹ ನಿಲ್ಲಲಿಲ್ಲ.

ಇವರೆದುರಿಗೂ ಅದೇ ಪ್ರಶ್ನೆ, ತಿರುಗುಮುರುಗಾಗಿ. ತಮ್ಮ ದೇಶದ ಅಂತರರಾಷ್ಟ್ರೀಯ ರಹದಾರಿಯನ್ನು ತಂದವರು ಅದರ ಅವಧಿಯವರೆಗೆ ಇಲ್ಲಿ ವಾಹನ ಓಡಿಸಬಹುದು. ಆದರೆ ಅದರಲ್ಲಿ ಯಾವ ವರ್ಗದ ವಾಹನಕ್ಕೆ ಮುದ್ರೆಯಿದೆಯೋ ಅದನ್ನು ಮಾತ್ರ. ಕಾರಿನ ಲೈಸೆನ್ಸಷ್ಟೇ ಇದ್ದು, ಹುಟ್ಟಿದಂದಿನಿಂದ ಸ್ಕೂಟರನ್ನು ಮುಟ್ಟದವರು ಮೈಸೂರಿನಲ್ಲಿ ಅದನ್ನೇರಿದರೆ ಕಾನೂನಿನ ಕಣ್ಣಿಗೆ ಲೈಸೆನ್ಸಿಲ್ಲದವರೇ. ಅಪಘಾತವಾದಾಗ ಆಸ್ಪತ್ರೆಯ ಖರ್ಚಿಗೂ ವಿಮೆಗೂ ಆ ಮುದ್ರೆಯ ಕೊರತೆ ಅಡ್ಡ ಬರುವುದುಂಟು. ದೀರ್ಘಕಾಲ ನೆಲೆಸುವವರು ಎಲ್ಲರಂತೆ ಇಲ್ಲಿಯ ಲೈಸೆನ್ಸಿಗೇ ಅರ್ಜಿ ಹಾಕಬೇಕಾಗುತ್ತದೆ.

ಕಾಗದಪತ್ರಗಳಿಗಿಂತ ಕಠಿನವಾದದ್ದು ಅವರಿಗೆ ಇಲ್ಲಿಯ ಬೀದಿಯ ಭಾಷೆ. ಹಾರನ್ನು ಅವರ ನಾಡಿನಲ್ಲಿ ಬೈಗುಳ; ಇಲ್ಲಿ ‘ನಾನಿದ್ದೇನೆ, ನೋಡಿಕೊಳ್ಳಿ’ ಎಂಬ ಸೂಚನೆ. ಎದುರಿನವನು ದೀಪವನ್ನು ಮಿನುಗಿಸಿದರೆ ‘ನೀವು ಮೊದಲು ಹೋಗಿ’ ಎಂಬ ಸೌಜನ್ಯವೆಂದು ಅವರು ಬಗೆಯುತ್ತಾರೆ. ಇಲ್ಲಿ ಅದರ ಅರ್ಥ ಸಾಮಾನ್ಯವಾಗಿ ‘ನಾನು ಬರುತ್ತಿದ್ದೇನೆ’ ಎಂದು. ರಸ್ತೆಯ ನಡುವೆ ಮಲಗಿ ಮೆಲುಕು ಹಾಕುವ ಹಸುವಿನ ವಿಷಯವನ್ನು ಯಾವ ಕೈಪಿಡಿಯೂ ಅವರಿಗೆ ಹೇಳಿಲ್ಲ. ನಮ್ಮವರು ಅಲ್ಲಿ ನಿಲ್ಲುವುದನ್ನು ಕಲಿಯಬೇಕು. ಅವರು ಇಲ್ಲಿ ನುಸುಳುವುದನ್ನು ಕಲಿಯಬೇಕು. ಎರಡೂ ಕಡೆ ಕಲಿಕೆಯ ಫಲಕ ಅಗತ್ಯವೇ.

ಹೊರಡುವ ಮುನ್ನ

ಪರದೇಶಕ್ಕೆ ಹೊರಡುವವರು ಊರಿನಲ್ಲಿರುವಾಗಲೇ ಮಾಡಬಹುದಾದ ಕೆಲಸಗಳು ಕೆಲವಿವೆ. ಲೈಸೆನ್ಸಿನ ಅವಧಿ ಎಂದಿಗೆ ಮುಗಿಯುತ್ತದೆಂಬುದನ್ನು ನೋಡಿಕೊಳ್ಳುವುದು ಮೊದಲನೆಯದು. ೨೦೧೯ರ ತಿದ್ದುಪಡಿಯ ಪ್ರಕಾರ, ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು. ಮುಗಿದು ಒಂದು ವರ್ಷ ಕಳೆದರೆ ಮತ್ತೆ ಪರೀಕ್ಷೆಗೆ ನಿಲ್ಲಬೇಕು. ಲೈಸೆನ್ಸಿನ ವಿವರಗಳ ದೃಢೀಕೃತ ಉದ್ಧರಣೆಯನ್ನು ಸಾರಿಗೆ ಕಚೇರಿಯಿಂದ ಪಡೆದುಕೊಳ್ಳುವುದು ಎರಡನೆಯದು. ಒಂಟೇರಿಯೊದಲ್ಲಿ ಹೊಸ ಚಾಲಕರು ಮೆಟ್ಟಿಲು ಮೆಟ್ಟಿಲಾಗಿ ಪೂರ್ಣ ಲೈಸೆನ್ಸನ್ನು ಪಡೆಯಬೇಕು. ಹಿಂದಿನ ಅನುಭವವನ್ನು ಅಧಿಕೃತ ಪತ್ರದಿಂದ ರುಜುವಾತುಪಡಿಸಿದವರಿಗೆ ನಡುವಿನ ಕಾಯುವಿಕೆ ತಗ್ಗುತ್ತದೆ. ಆ ಪತ್ರವಿಲ್ಲದೆ ಹೋಗಿ, ಅಲ್ಲಿಂದ ಮೈಸೂರಿಗೆ ದೂರವಾಣಿಯ ಮೇಲೆ ದೂರವಾಣಿ ಮಾಡಿ ತಂದೆಯನ್ನು ಕಚೇರಿಗೆ ಅಲೆಸುವವರು ಇಲ್ಲದಿಲ್ಲ.

ಮೂರನೆಯದು ಅಭ್ಯಾಸ. ೨೦೨೩ರ ಮಾರ್ಚ್ ೧೨ರಂದು ಉದ್ಘಾಟನೆಯಾದ ಮೈಸೂರು-ಬೆಂಗಳೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಅದೇ ವರ್ಷದ ಆಗಸ್ಟಿನಿಂದ ದ್ವಿಚಕ್ರ ವಾಹನಗಳಿಗೂ ಆಟೋರಿಕ್ಷಾಗಳಿಗೂ ಪ್ರವೇಶವಿಲ್ಲ. ಪಥವನ್ನು ಪಾಲಿಸುವುದು, ಮುಂದಿನ ಕಾರಿನಿಂದ ದೂರವನ್ನು ಕಾಯ್ದುಕೊಳ್ಳುವುದು, ಕನ್ನಡಿ ನೋಡಿ ಸನ್ನೆ ಕೊಟ್ಟು ಪಥ ಬದಲಿಸುವುದು, ಇವುಗಳನ್ನು ರೂಢಿಸಿಕೊಳ್ಳಲು ಈಗ ಊರಿನ ಬಾಗಿಲಲ್ಲೇ ಅವಕಾಶವಿದೆ. ಹಾರನ್ನನ್ನು ಮುಟ್ಟದೆ ಮಂಡ್ಯದವರೆಗೆ ಹೋಗಬಲ್ಲವನು ಪರದೇಶದ ಪರೀಕ್ಷೆಯಲ್ಲಿ ಅರ್ಧ ಗೆದ್ದಂತೆ.

ಮರಳಿ ಬಂದವರ ಪಾಡನ್ನೂ ಒಂದು ಮಾತು ಹೇಳಬೇಕು. ಹದಿನೈದು ವರ್ಷ ಹೊರಗಿದ್ದು ತಂದೆತಾಯಿಯರ ಬಳಿ ಇರಲು ಮೈಸೂರಿಗೆ ಹಿಂದಿರುಗಿದವನ ಹಳೆಯ ಲೈಸೆನ್ಸಿನ ಅವಧಿ ತೀರಿಹೋಗಿರುತ್ತದೆ. ಹೊರನಾಡಿನ ಲೈಸೆನ್ಸು ಇಲ್ಲಿ ನೆಲೆಸಿದವನಿಗೆ ಆಗಿಬರದು. ಮತ್ತೆ ಅರ್ಜಿ, ಮತ್ತೆ ಪರೀಕ್ಷೆ. ಅಡ್ಡರಸ್ತೆ ಬಂದಾಗ ಅವನು ಕಾರನ್ನು ಪೂರ್ತಿ ನಿಲ್ಲಿಸಿ ಎಡಬಲ ನೋಡುತ್ತಾನೆ. ಹಿಂದಿನಿಂದ ನಾಲ್ಕು ಹಾರನ್ನುಗಳು ಒಟ್ಟಿಗೆ ಮೊಳಗುತ್ತವೆ. ಕೆಲವು ತಿಂಗಳಲ್ಲಿ ಅವನೂ ಅರ್ಧ ಬ್ರೇಕಿನ ಹಳೆಯ ಪದ್ಧತಿಗೆ ಜಾರುವುದು ಸುಲಭ.

ಜಾರದೆ ಉಳಿದರೆ ಅವನಿಂದ ಊರಿಗೆ ಉಪಕಾರವಾಗುತ್ತದೆ. ನಿಲ್ಲುವ ಒಂದು ಕಾರಿನಿಂದಾಗಿ ಶಾಲೆಯ ಮಗುವೊಂದು ನಿರ್ಭಯವಾಗಿ ರಸ್ತೆ ದಾಟುತ್ತದೆ. ಬಲಗಡೆಯವನಿಗೆ ದಾರಿ ಬಿಡಬೇಕೆಂಬ ನಿಯಮ ಇಲ್ಲಿಯ ಪುಸ್ತಕದಲ್ಲಿ ಆಗಲೇ ಇದೆ. ಅದನ್ನು ಪಾಲಿಸಲು ಸಾವಿರಾರು ಮೈಲಿ ದೂರ ಹೋಗಿ ಪರದೇಶದ ಪರೀಕ್ಷಕನಿಂದ ಒಮ್ಮೆ ಫೇಲಾಗಿ ಬರಬೇಕಾದ ಅವಶ್ಯಕತೆ ಯಾರಿಗೂ ಇಲ್ಲ.